ಹೆಸರು ಸರಿಯಾಗಿ ಬರೆಯಿರಿ ಟೀಚರೇ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮೂರಿನ ಮಾಜಿ ಸೈನಿಕರ ಸಂಘದ ಕಾರ್ಯದರ್ಶಿಗಳಿಂದ ನನಗೊಂದು ಫೋನು ಬರುತ್ತದೆ. "ಟೀಚರೇ, ಈ ಸಲ ಮೂರು ಉಂಟು" ಎನ್ನುತ್ತಾರೆ. ಮೂರು ಎಂದರೆ ಮೂರು ಸನ್ಮಾನಪತ್ರ. ಜನವರಿ 14ರ ಸಮಾರಂಭದಲ್ಲಿ ಶಾಲು ಹೊದೆಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತ ಮೇಲೆ ಮೈಕಿನ ಮುಂದೆ ಓದುವ, ಆಮೇಲೆ ಚೌಕಟ್ಟು ಹಾಕಿಸಿ ಕೊಡುವ ಆ ಒಂದು ಪುಟ. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯಾ, ಪೆರ್ಲ ಕಡೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವರಿಗೆಲ್ಲ ಈ ಕೆಲಸ ಒಂದಲ್ಲ ಒಂದು ದಿನ ಒದಗಿಯೇ ಒದಗುತ್ತದೆ. ಬ್ರಹ್ಮಕಲಶಕ್ಕೆ ದುಡಿದವರಿಗೆ, ಹಿರಿಯ ಭಾಗವತರಿಗೆ, ನಿವೃತ್ತರಾದ ಅಂಚೆಯವರಿಗೆ ಎಂದು ನಾನು ಬರೆದುಕೊಟ್ಟ ಪತ್ರಗಳಿಗೆ ಲೆಕ್ಕವಿಲ್ಲ.

ಮಾಜಿ ಸೈನಿಕರಿಗೆ ಬರೆಯುವಾಗ ಮಾತ್ರ ಮನಸ್ಸು ಬೇರೆಯೇ ಇರುತ್ತದೆ. ನನ್ನ ಅಪ್ಪ ಮಿಲಿಟ್ರಿಯಲ್ಲಿದ್ದರು. 17 ವರ್ಷ ಅಲ್ಲಿ ಲಾರಿ ಓಡಿಸಿ, ಮರಳಿ ಬಂದು ಅಡಿಕೆ ತೋಟ ಮಾಡಿದರು. ಹೋದಲ್ಲಿ ಬಂದಲ್ಲಿ "ಮಿಲಿಟ್ರಿಯವರ ಮಗಳು" ಎಂದೇ ನನ್ನನ್ನು ಜನ ಗುರುತಿಸುತ್ತಿದ್ದರು. ಈಗಲೂ ಹಳೆಯ ತಲೆಗಳು ಹಾಗೆಯೇ ಕರೆಯುತ್ತವೆ.

ಜನವರಿ 14 ಈಚಿನ ವರ್ಷಗಳಲ್ಲಿ ದೇಶದ ಎಲ್ಲೆಡೆ ಮಾಜಿ ಸೈನಿಕರ ದಿನ. 1953ರ ಅದೇ ದಿನ ಕಾರಿಯಪ್ಪನವರು ಸೇನೆಯಿಂದ ನಿವೃತ್ತರಾದದ್ದು. 1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿಯ ಕೈಯಿಂದ ಭಾರತದ ಸೇನೆಯ ಹೊಣೆ ವಹಿಸಿಕೊಂಡ ಮೊದಲ ಭಾರತೀಯ ಮಹಾದಂಡನಾಯಕ. ನಮಗೆ ಅವರು ದೂರದವರಲ್ಲ. ನಮ್ಮ ಜಿಲ್ಲೆಯ ಪಾಣತ್ತೂರು ದಾಟಿ ಕರಿಕೆ ಘಾಟಿ ಹತ್ತಿದರೆ ಅವರ ಕೊಡಗು. ಹೆಚ್ಚಿನ ವರ್ಷ ಆ ದಿನವೇ ನಮ್ಮಲ್ಲಿ ಮಕರ ಸಂಕ್ರಮಣವೂ ಹೌದು. ಹಾಗಾಗಿ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಬಂದವರು ಮಧ್ಯಾಹ್ನ ಸಂಘದ ಸಭೆಗೆ ಬರುತ್ತಾರೆ. ಬಿಳಿ ಅಂಗಿ, ಎದೆಯ ಮೇಲೆ ಪದಕಗಳು, ಕೆಲವರ ಹಣೆಯಲ್ಲಿ ಇನ್ನೂ ಆರದ ಗಂಧ.

ಎರಡು ವರ್ಷದ ಹಿಂದೆ ಹೀಗೇ ಬರೆಯಲು ಕುಳಿತಾಗ ಕಂಪ್ಯೂಟರಿನಲ್ಲಿದ್ದ ಹಳೆಯ ಪತ್ರಗಳನ್ನು ತೆರೆದೆ. ಐದು ವರ್ಷದ್ದನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಕುಳಿತಲ್ಲೇ ಮುಖ ಬಿಸಿಯಾಯಿತು. "ಕೊರೆಯುವ ಚಳಿಯನ್ನೂ ಸುಡುವ ಮರಳನ್ನೂ ಲೆಕ್ಕಿಸದೆ, ವೈರಿಯ ಗುಂಡಿಗೆ ಎದೆಯೊಡ್ಡಿ, ಕೆಚ್ಚೆದೆಯಿಂದ ಹೋರಾಡಿದ ತಾವು" ಎಂಬ ಸಾಲು ಐದರಲ್ಲೂ ಇತ್ತು. ಬದಲಾದದ್ದು ಹೆಸರು, ಹಳ್ಳಿ, ಸೇವೆಗೆ ಸೇರಿದ ವರ್ಷ. ಅದು ನಾನೇ ಬರೆದ ಸಾಲು. ಮೊದಲ ವರ್ಷ ಬರೆದಾಗ ಅದರಲ್ಲಿ ನನ್ನ ಭಕ್ತಿಯೂ ಇತ್ತು. ಆಮೇಲಿನ ವರ್ಷಗಳಲ್ಲಿ ಉಳಿದದ್ದು ನನ್ನ ಅವಸರ. ಗೌರವಿಸಲು ಹೊರಟು ಐದು ಮನುಷ್ಯರನ್ನು ಒಂದೇ ಅಚ್ಚಿಗೆ ಸುರಿದುಬಿಟ್ಟಿದ್ದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾರಿಗೆ ಬರೆಯಬೇಕೋ ಅವರ ಮನೆಗೆ ಹೋಗಿ ಕುಳಿತು ಮಾತಾಡದೆ ಒಂದಕ್ಷರ ಬರೆಯುವುದಿಲ್ಲ.

ಈ ಸಲದ ಮೂವರಲ್ಲಿ ಮೊದಲನೆಯವರ ಮನೆ ಗುಡ್ಡದ ಬದಿಯಲ್ಲಿ. ಅಂಗಳ ತುಂಬ ಅಡಿಕೆ ಹರಡಿತ್ತು. ಅದರ ನಡುವೆ ಬಿಟ್ಟ ಕಾಲುದಾರಿಯಲ್ಲಿ ನಡೆದು ಜಗಲಿ ಹತ್ತಿದೆ. 78 ದಾಟಿದವರು, ಬೆನ್ನು ಇನ್ನೂ ನೆಟ್ಟಗೆ. ನಾನು ಬಂದ ವಿಷಯ ಕೇಳಿ ಕೈಯಾಡಿಸಿಬಿಟ್ಟರು.

"ಅದೆಲ್ಲ ಬೇಡ ಟೀಚರೇ. ನಾನು ಯುದ್ಧ ಮಾಡಿದವ ಅಲ್ಲ. ಅನ್ನ ಮಾಡಿದವ."

ಅವರು ಸೇನೆಯಲ್ಲಿ ಕುಕ್ ಆಗಿದ್ದರು. ಊರಿನಲ್ಲಿ ಅದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮಿಲಿಟ್ರಿ ಎಂದರೆ ಬಂದೂಕು ಎಂದುಕೊಂಡವರ ನಡುವೆ ಅದನ್ನು ಅವರೂ ಹೇಳಿಕೊಂಡಿರಲಿಲ್ಲ.

"ನೀವು ಹಿಂದೊಮ್ಮೆ ಓದಿದ್ದನ್ನು ಕೇಳಿದ್ದೇನೆ" ಎಂದರು. "ಗುಂಡಿಗೆ ಎದೆಯೊಡ್ಡಿದ ಅಂತ ಬರೆದಿದ್ದಿರಿ. ಅವ ಟೈಲರ್ ಇದ್ದದ್ದು. ಇಡೀ ಯೂನಿಟ್ಟಿನ ಬಟ್ಟೆ ಹೊಲಿದವ. ವೇದಿಕೆಯಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದ. ವಿನಯ ಅಂತ ಜನ ಎಣಿಸಿದರು. ನನಗೆ ಗೊತ್ತುಂಟು, ಅದು ನಾಚಿಕೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರ ಹೆಂಡತಿ ಬೆಲ್ಲ ನೀರು ತಂದಿಟ್ಟರು. ಕುಡಿದು ಮುಗಿಸುವವರೆಗೆ ಮಾತಿಲ್ಲ. ಆಮೇಲೆ ಅವರೇ, "ಬರೆಯುದೇ ಆದರೆ ಹೆಸರು ಸರಿಯಾಗಿ ಬರೆಯಿರಿ, ಕೆಲಸ ಸರಿಯಾಗಿ ಬರೆಯಿರಿ. ಅಷ್ಟೇ ಸಾಕು" ಎಂದರು.

"ಹಾಗಾದರೆ ಕೆಲಸದ ಬಗ್ಗೆ ಹೇಳಿ ಅಣ್ಣ" ಎಂದೆ.

ಎರಡು ಗಂಟೆ ಹೇಳಿದರು. ಲೇಹ್‌ನಲ್ಲಿ, ಸಮುದ್ರಮಟ್ಟದಿಂದ 11,000 ಅಡಿಗೂ ಮೇಲೆ, ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. "ಕುದಿಯುದು ಕಾಣ್ತದೆ, ಬೇಯುದಿಲ್ಲ." ಬೇಳೆ ಹಾಕಿ ಎಷ್ಟು ಹೊತ್ತು ಕಾದರೂ ಕಲ್ಲು. ಕುಕ್ಕರ್ ಮುಚ್ಚಿ ಒತ್ತಡ ಕಟ್ಟಿಸದೆ ಅಲ್ಲಿ ಅನ್ನವೂ ಇಲ್ಲ, ದಾಲೂ ಇಲ್ಲ. ಆ ಕುಕ್ಕರಿನ ರಬ್ಬರು ಚಳಿಗೆ ಸೆಟೆದು ಸೀಳಿಬಿಟ್ಟರೆ ಆ ದಿನ ಎಲ್ಲರ ಹೊಟ್ಟೆಯೂ ಅರೆ. ಅದಕ್ಕೆ ರಾತ್ರಿ ಮಲಗುವಾಗ ರಬ್ಬರನ್ನು ತೆಗೆದು ತನ್ನ ಕಂಬಳಿಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಮೊಟ್ಟೆಗಳು ಗಟ್ಟಿಯಾಗಿ ಕಲ್ಲಿನಂತೆ ಉರುಳುತ್ತಿದ್ದವು. ಸೀಮೆಎಣ್ಣೆ ಸ್ಟೌವಿನ ಮಸಿ ಮೂಗಿನೊಳಗೆ ಕಟ್ಟಿ, ರಜೆಯಲ್ಲಿ ಊರಿಗೆ ಬಂದು ವಾರ ಕಳೆದರೂ ಕರವಸ್ತ್ರ ಕಪ್ಪಾಗುತ್ತಿತ್ತು.

1971ರ ಡಿಸೆಂಬರಿನಲ್ಲಿ ಅವರು ಪಶ್ಚಿಮದ ಗಡಿಯಲ್ಲಿದ್ದರು. ಹಗಲು ಹೊಗೆ ಏಳಬಾರದು, ರಾತ್ರಿ ಬೆಂಕಿ ಕಾಣಬಾರದು. ಹಾಗಾಗಿ ನೆಲ ಅಗೆದು ಒಲೆ ಹೂಡಿ, ಮೇಲೆ ತಗಡು ಮುಚ್ಚಿ, ಬೆಳಗಿನ ಜಾವ ಬೆಳಕು ಹರಿಯುವ ಮೊದಲೇ ಎರಡು ಹೊತ್ತಿನದ್ದೂ ಮಾಡಿಡಬೇಕು. ಕತ್ತಲಾದ ಮೇಲೆ ಅದನ್ನು ಡಬ್ಬಿಗಳಲ್ಲಿ ತುಂಬಿ, ಮೋರ್ಚಾಗಳಿಗೆ, ಅಂದರೆ ಸೈನಿಕರು ಕಾದು ಕುಳಿತ ಕಂದಕಗಳಿಗೆ, ಹೊತ್ತು ಸಾಗಿಸಬೇಕು. "ನಾವು ಲಂಗರಿನವರು ಹಿಂದೆ ಇರುವವರು ಅಂತ ಹೇಳ್ತಾರೆ. ಅನ್ನ ತಿನ್ನುವವ ಎಲ್ಲಿದ್ದಾನೋ ಅಲ್ಲಿಗೆ ಅನ್ನವೂ ಹೋಗಬೇಕಲ್ಲ ಟೀಚರೇ?" ಸೇನೆಯಲ್ಲಿ ಅಡುಗೆಮನೆಗೆ ಲಂಗರ್ ಎಂದೇ ಹೆಸರು.

ಒಂದು ರಾತ್ರಿ ಹೊತ್ತುಕೊಂಡು ಹೋದ ಊಟ ಮಿಕ್ಕಿತಂತೆ. ಅಷ್ಟು ಹೇಳಿ ನಿಲ್ಲಿಸಿದರು. ಯಾಕೆ ಮಿಕ್ಕಿತು ಎಂದು ನಾನು ಕೇಳಲಿಲ್ಲ. ಅವರು ಎದ್ದು ಅಂಗಳಕ್ಕಿಳಿದು, ಚದುರಿ ಬಿದ್ದ ಅಡಿಕೆಯನ್ನು ಕಾಲಿನಿಂದ ಸರಿಸುತ್ತ ಸ್ವಲ್ಪ ಹೊತ್ತು ನಿಂತರು.

ಮನೆಗೆ ಬಂದು ಬರೆಯಲು ಕೂತಾಗ 'ಸನ್ಮಾನ' ಎಂಬ ಪದವನ್ನೇ ನೋಡುತ್ತ ಕುಳಿತೆ. ಕನ್ನಡ ಕಲಿಸಿದವಳಿಗೆ ಇದು ಎಂದೋ ಹೊಳೆಯಬೇಕಿತ್ತು. ಮಾನ ಎಂದರೆ ಗೌರವ, ಸರಿ. ಮಾನ ಎಂದರೆ ಅಳತೆಯೂ ಹೌದು. ತಾಪಮಾನ, ದಿನಮಾನ, ಮಾನದಂಡ ಎನ್ನುವಾಗಿನ ಮಾನ ಅದೇ. ಒಬ್ಬನನ್ನು ಇದ್ದಷ್ಟೇ ಅಳತೆಗೆ ಕಂಡು ಹೇಳಿದರೆ ಅವನಿಗೆ ಮಾನ. ಇಲ್ಲದ ಗುಂಡನ್ನು ಅವನ ಎದೆಗೆ ತಂದರೆ, ಇದ್ದ ಸೌಟನ್ನು ಅವನ ಕೈಯಿಂದ ಕಸಿದುಕೊಂಡ ಹಾಗೆ. ಆ ಟೈಲರ್ ಅಣ್ಣ ಈಗ ಇಲ್ಲ. ಅವರ ಪತ್ರವನ್ನು ತಿದ್ದಿ ಬರೆಯುವ ಅವಕಾಶ ನನಗಿನ್ನು ಇಲ್ಲ.

ಹೆಸರು ಸರಿಯಾಗಿ ಬರೆಯಿರಿ ಎಂದು ಕುಕ್ ಅಣ್ಣ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಕಡೆಯ ಮಾಜಿ ಸೈನಿಕರ ಮನೆಗಳಲ್ಲಿ ಆ ಮಾತಿನ ಭಾರ ಎಲ್ಲರಿಗೂ ಗೊತ್ತು.

ನಮ್ಮ ಹೆಸರುಗಳನ್ನು ನೋಡಿ. ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ ಒಂದು ಹೆಸರು. ಭರ್ತಿಯಾಗುವಾಗ ಗುಮಾಸ್ತರು ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡದ್ದು ಇನ್ನೊಂದು. ಇನಿಶಿಯಲ್ ಬಿಡಿಸಿ ಬರೆಯಬೇಕೆಂದಾಗ ಹಳ್ಳಿಯ ಹೆಸರೇ ಅಡ್ಡಹೆಸರಾಗಿ ಅಂಟಿಕೊಂಡಿತು. ರೇಷನ್ ಕಾರ್ಡಿಗೆ ಮಲಯಾಳದಲ್ಲಿ ಹತ್ತುವಾಗ ನಾರಾಯಣ ನಾರಾಯಣನ್ ಆದ, ಕೃಷ್ಣ ಕೃಷ್ಣನ್ ಆದ. ಆಧಾರ್ ಬಂದಾಗ ಇನ್ನೊಂದು ಕಾಗುಣಿತ. ಮನುಷ್ಯ ಒಬ್ಬನೇ, ಕಾಗದದಲ್ಲಿ ನಾಲ್ವರು.

ಹುಟ್ಟಿದ ಜಿಲ್ಲೆಯದ್ದೂ ಹಾಗೆಯೇ. ಸೇನೆ ಬಿಡುವಾಗ ಕೈಗೆ ಕೊಡುವ ಡಿಸ್ಚಾರ್ಜ್ ಪುಸ್ತಕಗಳನ್ನು, ಒಂದೇ ಹಳ್ಳಿಯ ಮೂರು ತಲೆಮಾರಿನದ್ದನ್ನು, ನಾನೊಮ್ಮೆ ಸಂಘದ ಮೇಜಿನ ಮೇಲೆ ನೋಡಿದ್ದೇನೆ. 1956ಕ್ಕೆ ಮೊದಲು ಸೇರಿದವರದ್ದರಲ್ಲಿ ಮದರಾಸು ರಾಜ್ಯದ ದಕ್ಷಿಣ ಕನ್ನಡ. ಅರವತ್ತರ ದಶಕದಲ್ಲಿ ಸೇರಿದವರದ್ದರಲ್ಲಿ ಕೇರಳದ ಕಣ್ಣೂರು. 1984ರ ಮೇ 24ರಂದು ಕಾಸರಗೋಡು ಬೇರೆ ಜಿಲ್ಲೆಯಾದ ಮೇಲೆ ಹೋದವರದ್ದರಲ್ಲಿ ಕಾಸರಗೋಡು. ಮನೆ ಕದಲಲಿಲ್ಲ, ಬಾವಿ ಕದಲಲಿಲ್ಲ, ಅಂಗಳದ ತುಳಸಿಕಟ್ಟೆಯೂ ಅಲ್ಲೇ ಇದೆ. ಕಾಗದದ ಮಟ್ಟಿಗೆ ಅಜ್ಜ, ಮಗ, ಮೊಮ್ಮಗ ಮೂರು ಬೇರೆ ಜಿಲ್ಲೆಯವರು. ಗಡಿಯ ಬಗ್ಗೆ ಭಾಷಣ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆ ಗೆರೆ ಒಬ್ಬ ಮುದುಕನ ಪಿಂಚಣಿ ಕಾಗದದಲ್ಲಿ ಹೇಗೆ ಬೀಳುತ್ತದೆ ಎಂದು ಬಲ್ಲವರು ಸಂಘದ ಆ ಮೇಜಿನ ಸುತ್ತ ಕುಳಿತವರು.

ಅದನ್ನು ನಾನು ತಿಳಿದುಕೊಂಡದ್ದು ಅಪ್ಪ ತೀರಿಕೊಂಡ ಮೇಲೆ. ಅಪ್ಪನ ಸೇನೆಯ ದಾಖಲೆಯಲ್ಲಿ ಅಮ್ಮನ ಹೆಸರು ಮನೆಯಲ್ಲಿ ಕರೆಯುವ ಮುದ್ದು ಹೆಸರಾಗಿ ಬಿದ್ದಿತ್ತು. ರೇಷನ್ ಕಾರ್ಡಿನಲ್ಲಿ ಪೂರ್ತಿ ಹೆಸರಿನ ಕೊನೆಗೊಂದು 'ಅಮ್ಮ' ಸೇರಿಕೊಂಡಿತ್ತು. ಹುಟ್ಟಿದ ತಾರೀಕು ಎರಡರಲ್ಲೂ ಬೇರೆ. ಅಪ್ಪ ಬದುಕಿರುವಾಗ ತಿದ್ದಿಸಬಹುದಿತ್ತು. ತಿದ್ದಿಸಬೇಕೆಂದು ಅವರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಕುಟುಂಬ ಪಿಂಚಣಿ 14 ತಿಂಗಳು ನಿಂತಿತು. ನಾನು ಸಂಬಳದವಳು, ಅಮ್ಮನಿಗೆ ಊಟಕ್ಕೆ ಕಷ್ಟವಾಗಲಿಲ್ಲ. ಆದರೆ ಒಂದು ಕೌಂಟರಿನಲ್ಲಿ ಯಾರೋ ಅವಳಿಗೆ, "ಇವರು ನಿಮ್ಮ ಗಂಡ ಅನ್ನುವುದಕ್ಕೆ ಏನು ಪುರಾವೆ?" ಎಂದು ಕೇಳಿದರು. ಮನೆಗೆ ಬಂದವಳು ಕೈಕಾಲು ತೊಳೆಯದೆ ದೇವರ ಕೋಣೆಯ ಬಾಗಿಲಲ್ಲಿ ಕುಳಿತುಬಿಟ್ಟಳು. ಆ ಪ್ರಶ್ನೆ ಅವಳನ್ನು ಕೊನೆಯವರೆಗೂ ಬಿಡಲಿಲ್ಲ.

ಆಗ ನಮ್ಮ ಮನೆಗೆ ಬಂದವರು ಈ ಸಲದ ಎರಡನೆಯ ಸನ್ಮಾನಿತರು. ಸಂಘದಲ್ಲಿ ಎಲ್ಲರಿಗೂ ಅವರು ಅಕ್ಕ. ಅವರ ಯಜಮಾನರು ಹವಾಲ್ದಾರರಾಗಿದ್ದವರು, ಬೇಗ ತೀರಿಕೊಂಡರು. ಅಕ್ಕ ಕಲಿತದ್ದು ಕನ್ನಡದಲ್ಲಿ ಏಳನೆಯ ತರಗತಿ. ಮಲಯಾಳ ಓದಲು ಬಸ್ಸಿನ ಬೋರ್ಡುಗಳಿಂದ ಕಲಿತರು. ಇಂಗ್ಲಿಷು, ಗಂಡನ ಕಾಗದಗಳನ್ನು ಮತ್ತೆ ಮತ್ತೆ ನೋಡಿ. ತನ್ನ ಪಿಂಚಣಿಗಾಗಿ ಅಲೆದು ಕಲಿತ ದಾರಿಯನ್ನು ಅಲ್ಲಿಗೇ ಬಿಡಲಿಲ್ಲ. ಯಾವ ಮನೆಯಲ್ಲಿ ಮಾಜಿ ಸೈನಿಕರು ತೀರಿಕೊಂಡರೂ ಹದಿಮೂರು ಕಳೆದ ಮೇಲೆ ಅಕ್ಕ ಹೋಗುತ್ತಾರೆ. ಕೈಯಲ್ಲೊಂದು ನೀಲಿ ರೆಕ್ಸಿನ್ ಚೀಲ.

ನಮ್ಮ ಜಗಲಿಯಲ್ಲಿ ಕುಳಿತು ಅವರು ಅಮ್ಮನಿಗೆ ಮೊದಲು ಹೇಳಿದ್ದು, "ಅಕ್ಕ, ಇದು ನಿಮ್ಮ ಒಬ್ಬರದ್ದೇ ಅಲ್ಲ. ನನ್ನದೂ ಹೀಗೇ ಆಗಿತ್ತು" ಎಂದು. ಆ ಮೇಲೆ ಚೀಲ ಬಿಚ್ಚಿದರು. ಪಂಚಾಯತಿನಿಂದ ಮರಣ ಪತ್ರ, ಪಿಂಚಣಿ ಆದೇಶದ ಕಾಗದವಾದ ಪಿಪಿಒ, ಡಿಸ್ಚಾರ್ಜ್ ಪುಸ್ತಕ, ಜೋಡಿ ಫೋಟೋ. ಎರಡೂ ಹೆಸರು ಒಬ್ಬರದ್ದೇ ಎಂದು ವಿಲೇಜ್ ಆಫೀಸಿನಿಂದ 'ಒನ್ ಆ್ಯಂಡ್ ದ ಸೇಮ್' ಸರ್ಟಿಫಿಕೇಟ್. ಛಾಪಾ ಕಾಗದದಲ್ಲಿ ಅಫಿಡವಿಟ್. ರೆಕಾರ್ಡ್ ಆಫೀಸಿಗೆ ಪತ್ರ, ಅದರ ಪ್ರತಿ ಜಿಲ್ಲಾ ಸೈನಿಕ ಕ್ಷೇಮ ಕಚೇರಿಗೆ. ಸೇನೆಯಲ್ಲಿ ಒಂದೊಂದು ವಿಭಾಗದವರ ದಾಖಲೆ ಒಂದೊಂದು ಊರಿನಲ್ಲಿರುತ್ತದೆ. ಮದ್ರಾಸ್ ರೆಜಿಮೆಂಟಿನವರದ್ದು ವೆಲ್ಲಿಂಗ್ಟನ್, ಸಿಗ್ನಲ್ಸಿನವರದ್ದು ಜಬಲ್ಪುರ, ಫಿರಂಗಿ ದಳದವರದ್ದು ನಾಸಿಕ್, ಯಂತ್ರ, ವಾಹನ ದುರಸ್ತಿಯ ಇಎಂಇಯವರದ್ದು ಸಿಕಂದರಾಬಾದ್, ಡಿಎಸ್‌ಸಿ ಎಂಬ ಕಾವಲು ದಳದವರದ್ದು ಪಕ್ಕದ ಕಣ್ಣೂರು. ಕಾಸರಗೋಡಿನಿಂದ ಆಚೆಗೆ ಹೆಚ್ಚು ಹೋಗದ ಅಕ್ಕನಿಗೆ ಈ ಊರುಗಳ ಪಿನ್ ಕೋಡು ಬಾಯಿಪಾಠ.

ಅಮ್ಮನ ಕೆಲಸಕ್ಕೆ ಅವರು ಎಷ್ಟು ಸಲ ಜಿಲ್ಲಾ ಕಚೇರಿಗಳಿರುವ ವಿದ್ಯಾನಗರದ ಸಿವಿಲ್ ಸ್ಟೇಷನಿಗೆ ಬಂದರೋ ನಾನು ಎಣಿಸಿಲ್ಲ. ಬಸ್ಸಿನ ಟಿಕೆಟಿಗೆ ಹಣ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಿರಲಿಲ್ಲ. ಪಿಂಚಣಿ ಮಂಜೂರಾಗಿ ಪತ್ರ ಬಂದ ದಿನ ಅಮ್ಮ ಆ ಕಾಗದದ ಮೇಲೆ ಬೆರಳಿಟ್ಟು ತನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಓದಿಸಿ ಕೇಳಿದಳು. ಹಣ ಎಷ್ಟು ಎಂದು ಕೇಳಿದ್ದು ಮಾರನೆಯ ದಿನ.

ಪಿಂಚಣಿ ಇದ್ದವರದ್ದು ಒಂದು ಬಗೆ. ಇಲ್ಲದವರದ್ದು ಇನ್ನೂ ಕಷ್ಟ. ಸಿಪಾಯಿಯಾಗಿ ಸೇರಿದವರಿಗೆ ಪಿಂಚಣಿ ಬರಬೇಕಾದರೆ 15 ವರ್ಷದ ಸೇವೆ ಬೇಕು. ಮನೆಯಲ್ಲಿ ತೋಟ ನೋಡುವವರಿಲ್ಲ, ತಾಯಿಗೆ ಹುಷಾರಿಲ್ಲ ಎಂದು ಎಂಟೊಂಬತ್ತು ವರ್ಷಕ್ಕೆ ಬಿಟ್ಟುಬಂದವರು ನಮ್ಮ ಕಡೆ ಇದ್ದಾರೆ. ಎದೆಯಲ್ಲಿ ಪದಕ ಉಂಟು, ಕೈಯಲ್ಲಿ ಏನೂ ಇಲ್ಲ. ಅಂಥ ಒಬ್ಬರು ಎಪ್ಪತ್ತರ ನಂತರವೂ ಬೇರೆಯವರ ತೋಟದಲ್ಲಿ ಅಡಿಕೆ ಹೆಕ್ಕುತ್ತಿದ್ದರು. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, 65 ದಾಟಿದ, ಪಿಂಚಣಿಯಿಲ್ಲದ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಕೇಂದ್ರೀಯ ಸೈನಿಕ ಮಂಡಳಿಯಿಂದ ತಿಂಗಳ ಸಹಾಯಧನ ಇದೆ ಎಂದು ಅಕ್ಕನೇ ಪತ್ತೆಹಚ್ಚಿದ್ದು. ಅದು ತಿಂಗಳಿಗೆ 4,000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ 8,000 ಆಗಿದೆ. ಈ ಬರಹ ಓದುವ ಯಾರ ಊರಿನಲ್ಲಾದರೂ ಅಂಥವರಿದ್ದರೆ ದಯವಿಟ್ಟು ನಿಮ್ಮ ಜಿಲ್ಲೆಯ ಸೈನಿಕ ಕ್ಷೇಮ ಕಚೇರಿಗೆ ಒಮ್ಮೆ ಕರೆದುಕೊಂಡು ಹೋಗಿ.

ಆ ಹಣದ ಮೂಲ ತಿಳಿದಾಗ ನನಗೆ ಶಾಲೆಯ ದಿನಗಳು ನೆನಪಾದವು. ಡಿಸೆಂಬರ್ 7, ಧ್ವಜ ದಿನ. 1949ರಿಂದ ನಡೆದು ಬಂದದ್ದು. ಕೆಂಪು, ಕಡುನೀಲಿ, ತಿಳಿನೀಲಿ ಮೂರು ಪಟ್ಟಿಯ ಚಿಕ್ಕ ಕಾಗದದ ಬಾವುಟವನ್ನು ನಾವು ಮಕ್ಕಳು ಚಿಲ್ಲರೆ ಕೊಟ್ಟು ಕೊಂಡು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದೆವು. ಆಮೇಲೆ ನಾನು ಟೀಚರಾಗಿ ಅದೇ ಬಾವುಟವನ್ನು ನನ್ನ ತರಗತಿಯಲ್ಲಿ ಹಂಚಿದೆ. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ಹುಡುಗ ಕೇಳಿದ್ದ. ಸೈನಿಕರಿಗೆ ಎಂದಷ್ಟೇ ಹೇಳಿದ್ದೆ. ನಮ್ಮದೇ ಗುಡ್ಡದಾಚೆ ಅಡಿಕೆ ಹೆಕ್ಕುವ ಅಜ್ಜನ ತಿಂಗಳ ಹಣ ಅದೇ ಧ್ವಜ ದಿನದ ನಿಧಿಯಿಂದ ಬರುವುದು ಎಂದು ಅಂದು ಗೊತ್ತಿದ್ದರೆ ಆ ಹುಡುಗನಿಗೆ ಸರಿಯಾಗಿ ಉತ್ತರಿಸುತ್ತಿದ್ದೆ.

ಮೂರನೆಯ ಪತ್ರದ ಬಗ್ಗೆ ಸಂಘದಲ್ಲೇ ಚರ್ಚೆಯಾಗಿತ್ತು. ಅವರು ಸೈನಿಕರೂ ಅಲ್ಲ, ಸೈನಿಕರ ಮನೆಯವರೂ ಅಲ್ಲ. ರಿಕ್ಷಾ ಓಡಿಸುವವರು. ಪೇಟೆಯ ಸ್ಟ್ಯಾಂಡಿನಲ್ಲಿ ಅವರ ರಿಕ್ಷಾ ಸಾಲಿನಲ್ಲಿರುವುದಕ್ಕಿಂತ ಸಂಘದ ಕಚೇರಿಯ ಮುಂದೆ ನಿಂತಿರುವುದೇ ಹೆಚ್ಚು.

ವರ್ಷಕ್ಕೊಮ್ಮೆ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ತೋರಿಸಿಕೊಡಬೇಕು. ಮೊದಲು ಬ್ಯಾಂಕಿಗೆ ಹೋಗಿ ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ ಸೇನೆಯ ಪಿಂಚಣಿ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂದಿದೆ. ಸರಕಾರಿ ಆನ್‌ಲೈನ್ ಕೆಲಸಗಳಿಗೆ ಕೇರಳದಲ್ಲಿರುವ ಅಕ್ಷಯ ಕೇಂದ್ರಕ್ಕೆ ಹೋಗಿ ಬೆರಳೊತ್ತಬೇಕು. ಜೀವನವಿಡೀ ಅಡಿಕೆ ಸುಲಿದ, ರಬ್ಬರ್ ಕೊಯ್ದ ಬೆರಳು. ಗೆರೆಗಳೆಲ್ಲ ಸವೆದು ಹೋಗಿವೆ. ಯಂತ್ರ ಗುರುತಿಸುವುದಿಲ್ಲ. ಬೆರಳು ಒರೆಸಿ, ಎಣ್ಣೆ ಸವರಿ, ಮತ್ತೆ ಒತ್ತಿ, ಮತ್ತೆ ಒತ್ತಿ. ಈಗ ಮೊಬೈಲಿನಲ್ಲಿ ಮುಖ ತೋರಿಸಿ ಕಣ್ಣು ಮಿಟುಕಿಸಿದರೂ ಆಗುತ್ತದೆ. ನಮ್ಮ ಅಕ್ಷಯ ಕೇಂದ್ರದ ಹುಡುಗಿಗೆ ಕನ್ನಡ ಓದಲು ಬಾರದು, ಅಜ್ಜಂದಿರಿಗೆ ಮಲಯಾಳ ಓದಲು ಬಾರದು. ಮಾತು ತುಳುವಿನಲ್ಲಿ ನಡೆಯುತ್ತದೆ. "ಕಣ್ಣು ಮುಚ್ಚಿ ಬಿಡಿ ಅಜ್ಜ" ಎಂದು ಅವಳು ತುಳುವಿನಲ್ಲಿ ಹೇಳಿಕೊಡುವುದನ್ನು, ಒಂದು ಕಾಲದಲ್ಲಿ ನೂರು ಜನರನ್ನು ಒಂದು ಕೂಗಿಗೆ ನಿಲ್ಲಿಸಿದ ಸುಬೇದಾರರು ಮಗುವಿನಂತೆ ಕೇಳುವುದನ್ನು ನಾನು ನೋಡಿದ್ದೇನೆ.

ಹಾಸಿಗೆ ಹಿಡಿದವರ ಮನೆಗೆ ಆ ಹುಡುಗಿಯನ್ನೂ ಅವಳ ಯಂತ್ರವನ್ನೂ ಕೂರಿಸಿಕೊಂಡು ಹೋಗುವವರು ಈ ರಿಕ್ಷಾದವರು. ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ಕಿಗೆ ರೆಫರಲ್ ಕಾಗದಕ್ಕೆ ಹೋಗುವ ಹಿರಿಯರನ್ನು ಬಸ್ಸು ಹತ್ತಿಸುವವರೂ ಇವರೇ. 2020ರ ಮಾರ್ಚ್ ಕೊನೆಗೆ, ಕೊರೊನಾ ಲಾಕ್‌ಡೌನಿನಲ್ಲಿ, ಕರ್ನಾಟಕದ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮ್ಮ ಉಸಿರು ಕಟ್ಟಿದಂತಾಯಿತು. ಯಾವ ಕಾಯಿಲೆಗೂ ಮಂಗಳೂರಿಗೆ ಓಡಿ ರೂಢಿಯಾದವರು ನಾವು. ತಲಪಾಡಿಯಲ್ಲಿ ತಡೆದು ನಿಂತು ದಾರಿಯಲ್ಲೇ ಜೀವ ಬಿಟ್ಟವರ ಸುದ್ದಿ ದಿನಾ ಬರುತ್ತಿತ್ತು. ಆಗ ಸಂಘದವರು ಯಾರ ಮನೆಯಲ್ಲಿ ಯಾವ ಮಾತ್ರೆ ಎಷ್ಟು ದಿನಕ್ಕೆ ಉಳಿದಿದೆ ಎಂದು ಪಟ್ಟಿ ಮಾಡಿದರು. ಸಿಪಾಯಿಗಳ ಪಟ್ಟಿ, ಅದರಲ್ಲಿ ತಪ್ಪಿರುವುದಿಲ್ಲ. ಪೊಲೀಸರಿಂದ ಪಾಸು ತೆಗೆದುಕೊಂಡು ಆ ಪಟ್ಟಿ ಹಿಡಿದು ಕಾಸರಗೋಡಿಗೆ ಹೋಗಿ ಬಂದದ್ದು ಈ ರಿಕ್ಷಾ. ನನ್ನ ಅಮ್ಮನ ಬಿಪಿ ಮಾತ್ರೆಯೂ ಅದರಲ್ಲೇ ಬಂತು. ಗೇಟಿನ ಕಂಬದ ಮೇಲಿಟ್ಟು, ಎರಡು ಸಲ ಹಾರ್ನ್ ಹಾಕಿ ಮುಂದೆ ಹೋಗುತ್ತಿದ್ದರು.

ಸೈನಿಕರ ದಿನದಂದು ಸೈನಿಕರಲ್ಲದವರಿಗೆ ಶಾಲು ಯಾಕೆ ಎಂದು ಒಂದಿಬ್ಬರು ಸದಸ್ಯರು ಕೇಳಿದರಂತೆ. ಅವರದ್ದು ತಪ್ಪು ಎಂದು ನಾನು ಹೇಳಲಾರೆ. ವರ್ಷಕ್ಕೆ ಒಂದೇ ದಿನ ಅವರದ್ದು. ಅದರಲ್ಲೂ ಪಾಲು ಕೇಳಿದರೆ ನೋವಾಗುವುದು ಸಹಜ. ಆಗ ಸುಬೇದಾರರು ಎದ್ದು ನಿಂತು, "ನನ್ನ ಯೂನಿಟ್ಟಿನಲ್ಲಿ ಧೋಬಿ ಇದ್ದ, ಬಾರ್ಬರ್ ಇದ್ದ, ಕುಕ್ ಇದ್ದ. ಫೋಟೋ ತೆಗೆಯುವಾಗ ಎಲ್ಲರೂ ನಿಂತದ್ದು ಒಂದೇ ಸಾಲಿನಲ್ಲಿ" ಎಂದರಂತೆ. ಕಾರ್ಯದರ್ಶಿಗಳು ಫೋನಿನಲ್ಲಿ ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ತಡವರಿಸಿತು. ಅವರೂ ಸೇನೆಯಲ್ಲಿ ಗುಮಾಸ್ತರಾಗಿದ್ದವರು.

ಪತ್ರಗಳನ್ನು ಬರೆದೆ. ಮೂರೂ ಚಿಕ್ಕವು. ಕುಕ್ ಅಣ್ಣನ ಪತ್ರದಲ್ಲಿ ಕಂಬಳಿಯೊಳಗಿಟ್ಟುಕೊಂಡ ಕುಕ್ಕರಿನ ರಬ್ಬರು ಇದೆ. ರಿಕ್ಷಾದವರದ್ದರಲ್ಲಿ ಗೇಟಿನ ಕಂಬ ಮತ್ತು ಎರಡು ಹಾರ್ನ್. ಅಚ್ಚಿಗೆ ಕೊಡುವ ಮೊದಲು ಮೂವರ ಮನೆಗೂ ಹೋಗಿ, ಅವರ ಹೆಸರನ್ನು ಅವರೇ ನೋಡುವಂತೆ ಕಾಗದವನ್ನು ಮುಂದೆ ಹಿಡಿದೆ. ಕುಕ್ ಅಣ್ಣ ಕನ್ನಡಕ ಹಾಕಿಕೊಂಡು ಓದಿ, ಒಂದು ದೀರ್ಘ ಬಿಟ್ಟುಹೋದದ್ದನ್ನು ತೋರಿಸಿದರು. ತಿದ್ದಿದೆ.

ಸಮಾರಂಭದ ದಿನ ಅವರ ಪತ್ರ ಓದುವಾಗ ಸಭೆ ಸ್ತಬ್ಧವಾಗಿತ್ತು. ಹಿಂದಿನ ಸಾಲಿನಲ್ಲಿ ಅವರ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ಪಕ್ಕದವರಿಗೆ "ನಮಗೆ ಇದು ಹೇಳಲೇ ಇಲ್ಲ" ಎಂದದ್ದು ಮೈಕಿನ ಹತ್ತಿರ ನಿಂತ ನನಗೂ ಕೇಳಿಸಿತು. ಅವರು ವೇದಿಕೆಯಲ್ಲಿ ತಲೆಯೆತ್ತಿ ಕೂತಿದ್ದರು.

ಆಮೇಲೆ ಅಕ್ಕನನ್ನು ಕರೆದರು. ಅಕ್ಕ ನೀಲಿ ರೆಕ್ಸಿನ್ ಚೀಲದ ಜೊತೆಗೇ ಮೆಟ್ಟಿಲು ಹತ್ತಿದರು. ಕೆಳಗೆ ಇಟ್ಟು ಬನ್ನಿ ಎಂದು ಯಾರೋ ಮೆಲ್ಲಗೆ ಹೇಳಿದರು. ಅಕ್ಕ ತಲೆಯಲ್ಲಾಡಿಸಿದರು. ಹಿಂದಿನ ವಾರ ತೀರಿಕೊಂಡ ಒಬ್ಬರ ಡಿಸ್ಚಾರ್ಜ್ ಪುಸ್ತಕ, ಪಿಪಿಒ ಎಲ್ಲ ಅದರಲ್ಲಿತ್ತು. ಒರಿಜಿನಲ್. ಕುರ್ಚಿಯ ಮೇಲೆ ಬಿಟ್ಟು ಬರುವ ವಸ್ತುವಲ್ಲ. ಸುಬೇದಾರರು ಶಾಲು ಹೊದೆಸಿದರು, ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೊಡುವಾಗ ಅಕ್ಕ ಚೀಲವನ್ನು ಎಡಗೈಗೆ ದಾಟಿಸಿ, ಎದೆಗೊತ್ತಿಕೊಂಡು, ಬಲಗೈ ಮುಂದೆ ಚಾಚಿದರು. ಸಂಘದ ಗೋಡೆಯಲ್ಲಿ ಈಗ ತೂಗುತ್ತಿರುವ ಫೋಟೋದಲ್ಲಿ ಶಾಲಿನ ಅಂಚಿನ ಕೆಳಗೆ ಆ ಚೀಲವೂ ಇದೆ.